ಬೆಳಗ್ಗೆ ಅಂಟು ಹಚ್ಚದವಳು

ನದಿಗೆ ಇಳಿಯುವ ಓಣಿಯ ಕೊನೆಯಲ್ಲಿ ತಗಡಿನ ಮಾಡಿನ ಒಂದು ಶೆಡ್ಡಿದೆ. ಮೂರು ಕಡೆ ಹಲಗೆಯ ಗೋಡೆ. ನದಿಯಿರುವ ಪೂರ್ವದ ಕಡೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಅಲ್ಲಿ ಮರದ ದೋಣಿಗಳನ್ನು ಕಟ್ಟುತ್ತಾರೆ. ಮರದ ಕೆಲಸ ಗಂಡನದು, ಅಂಟಿನ ಕೆಲಸ ಹೆಂಡತಿಯದು. ಗಂಡನನ್ನು ಓಣಿಯವರು ಬಡಗಿ ಎಂದೇ ಕರೆಯುತ್ತಾರೆ, ಹೆಂಡತಿಯನ್ನು ಅಂಟಕ್ಕ ಎಂದು. ಮೊದಲು ಆ ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು. ಈಗ ಅವಳ ತವರಿನವರೂ ಮನೆ ಹುಡುಕಿಕೊಂಡು ಬಂದಾಗ ಅದೇ ಹೆಸರು ಹೇಳಿ ದಾರಿ ಕೇಳುತ್ತಾರೆ.

ಅವಳು ಆಸೆಪಟ್ಟು ಈ ಕೆಲಸಕ್ಕೆ ಬಂದವಳಲ್ಲ. ಅವಳ ಮಾವ ಮೊಳೆ ಹೊಡೆದು, ಸಂದಿಗಳಿಗೆ ನಾರು ತುಂಬಿ ದೋಣಿ ಕಟ್ಟಿದ ಕಾಲದವರು. ಎಪಾಕ್ಸಿ ಅಂಟನ್ನು ಶೆಡ್ಡಿಗೆ ತಂದವನು ಮಗ. ಅದು ಎರಡು ಡಬ್ಬಿಗಳಲ್ಲಿ ಬರುತ್ತದೆ. ಒಂದರಲ್ಲಿ ಜೇನಿನಷ್ಟು ಮಂದವಾದ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಹೇಳಿದ ಅಳತೆಯಲ್ಲಿ ಎರಡನ್ನೂ ಕಲಸಿದರೆ ಸ್ವಲ್ಪ ಹೊತ್ತಿಗೆ ಬಿಗಿಯುತ್ತದೆ, ಆಮೇಲೆ ಕಲ್ಲಾಗುತ್ತದೆ, ಮತ್ತೆ ಕರಗುವ ಮಾತಿಲ್ಲ. ಬಡಗಿ ಅದನ್ನು ಬರಿಗೈಯಲ್ಲಿ ಹಚ್ಚಿಕೊಂಡು ಬಂದ. ಮೊದಲು ಕೈ ತುರಿಸಿತು. ಆಮೇಲೆ ಮುಖ ಊದಿತು. ಕೊನೆಗೆ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕಣ್ಣು ಮುಚ್ಚಿಹೋಗುವಷ್ಟಾಯಿತು. ಡಾಕ್ಟರು ಅಂಟನ್ನು ಬಿಡಬೇಕೆಂದರು. ಅವನು ಬಿಟ್ಟ, ಅವಳು ಹಿಡಿದಳು.

ಉದ್ದನೆಯ ಕೈಗವಸು, ಮುಖಕ್ಕೆ ಮಾಸ್ಕು, ತಲೆಗೆ ಬಿಗಿದ ಬಟ್ಟೆ. "ಕಳ್ಳರು ಬಂದ್ರು ಅಂತ ನಾಯಿ ಬೊಗಳುತ್ತೆ ನೋಡು" ಎಂದು ಗಂಡ ಮೊದಲ ದಿನ ಗೇಲಿ ಮಾಡಿದ.

"ನಿಮ್ಮ ಮುಖ ಊದಿದಾಗ ಅದೇ ನಾಯಿ ಮನೆ ಬಿಟ್ಟು ಓಡಿತ್ತು" ಎಂದಳು ಅವಳು.

ಮೊದಲ ವರ್ಷ ಅವಳು ಹಾಳು ಮಾಡಿದ್ದೇ ಹೆಚ್ಚು. ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿದಳು; ಅದು ತನ್ನ ಶಾಖಕ್ಕೆ ತಾನೇ ಕಾದು, ಬ್ರಷ್ಷು ಅದ್ದುವಷ್ಟರಲ್ಲಿ ಗಡ್ಡೆಯಾಯಿತು. ಅಗಲವಾದ ತಟ್ಟೆಗೆ ತೆಳ್ಳಗೆ ಸುರಿದರೆ ಅಷ್ಟು ಬೇಗ ಕಾಯುವುದಿಲ್ಲವೆಂದು ಆಮೇಲೆ ತಿಳಿಯಿತು. ಹಲಗೆಗಳನ್ನು ಜೋಡಿಸಿ, ಮಾವನ ಮಾತು ಕೇಳಿ, ಅವನ್ನು ಒತ್ತಿ ಹಿಡಿಯುವ ಕ್ಲಾಂಪುಗಳನ್ನು ಉಸಿರುಗಟ್ಟುವಷ್ಟು ಬಿಗಿದಳು. ಅಂಟೆಲ್ಲ ಹೊರಗೆ ಹರಿದು, ಸಂದಿಯಲ್ಲಿ ಹಿಡಿಯಲು ಏನೂ ಉಳಿಯಲಿಲ್ಲ. ಇಬ್ಬನಿ ಬೀಳುವ ಹೊತ್ತಿನವರೆಗೆ ಕೆಲಸ ಎಳೆದಳು. ಬೆಳಗಾಗುವಾಗ ದೋಣಿಯ ಮೈಮೇಲೆ ಮೇಣದಂಥ ಜಿಡ್ಡು ಕೂತಿತ್ತು. ಅದನ್ನು ಹಾಗೆಯೇ ಉಜ್ಜಿದಾಗ ಸ್ಯಾಂಡ್‌ಪೇಪರಿಗೆ ಮೆತ್ತಿಕೊಂಡು ಎಲ್ಲ ಕಡೆ ಹರಡಿತು. ಮೊದಲು ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಉಜ್ಜಬೇಕು. ಅವಳು ಬಕೆಟ್ಟು ಹಿಡಿದು ದೋಣಿ ತೊಳೆಯುವುದನ್ನು ಕಂಡು ದಾರಿಹೋಕರು ನಗುತ್ತಿದ್ದರು. ನದಿಗೇ ಹೋಗುವ ದೋಣಿಗೆ ಮನೆಯಲ್ಲೇ ಸ್ನಾನವಾ ಎಂದು ಕೇಳುತ್ತಿದ್ದರು.

ಆದರೆ ಮನೆಯೊಳಗೆ ಜಗಳಕ್ಕೆ ಕಾರಣವಾದದ್ದು ಬೇರೆ ಸಂಗತಿ. ಅವಳು ಬೆಳಗ್ಗೆ ಮರಕ್ಕೆ ಅಂಟು ಹಚ್ಚುತ್ತಿರಲಿಲ್ಲ.

ಕಾರಣ ಸರಳ. ಮರದ ಒಳಗೆ ಗಾಳಿಯಿರುತ್ತದೆ. ಬಿಸಿಲೇರಿ ಮರ ಕಾಯುವಾಗ ಆ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಮೇಲೆ ಹಸಿ ಅಂಟಿದ್ದರೆ ಅದನ್ನು ತೂರಿಕೊಂಡು ಬಂದು ಸಾವಿರ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದ ಕಡೆ ತೂತು, ತೂತಿನಲ್ಲಿ ನಾಳೆ ನೀರು. ಮಧ್ಯಾಹ್ನದ ಬಿಸಿ ಇಳಿದು ಮರ ತಣ್ಣಗಾಗತೊಡಗಿದಾಗ ಹಚ್ಚಿದರೆ ನಡೆಯುವುದು ಇದಕ್ಕೆ ವಿರುದ್ಧ. ಒಳಗಿನ ಗಾಳಿ ಕುಗ್ಗಿ, ಮರ ಅಂಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಬಿಸಿಲು ಇಳಿಯಲು ಶುರುವಾದ ಮೇಲೆ, ಇಬ್ಬನಿ ಇಳಿಯುವುದಕ್ಕೆ ಮೊದಲು, ಮಧ್ಯದಲ್ಲಿ ಸಿಗುವ ಹೊತ್ತೇ ಅವಳ ಹೊತ್ತು. ಬೆಳಗ್ಗೆ ಅವಳು ದೋಣಿಯ ಮೈಗೆ ಹೊದಿಸಲು ಗಾಜಿನ ಎಳೆಗಳಿಂದ ನೇಯ್ದ ಬಟ್ಟೆ ಕತ್ತರಿಸುತ್ತಿದ್ದಳು, ಹಿಂದಿನ ದಿನದ ಜಿಡ್ಡು ತೊಳೆಯುತ್ತಿದ್ದಳು, ತಟ್ಟೆ ಒರೆಸುತ್ತಿದ್ದಳು. ಇವು ಯಾವುವೂ ಮಾವನ ಕಣ್ಣಿಗೆ ಕೆಲಸವಾಗಿ ಕಾಣುತ್ತಿರಲಿಲ್ಲ. ಆಯುಷ್ಯವಿಡೀ ಅವರು ಕೋಳಿ ಕೂಗುವ ಮೊದಲೇ ಉಳಿ ಹಿಡಿದವರು.

"ಸೂರ್ಯ ನೆತ್ತಿಗೆ ಬಂದ. ಈ ಮನೆಯಲ್ಲಿ ಇನ್ನೂ ಕೆಲಸ ಶುರುವಾಗಿಲ್ಲ" ಎಂದು ಅವರು ಯಾರಿಗೂ ಅಲ್ಲದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು.

"ಸೂರ್ಯ ಕೆಳಗಿಳೀಲಿ ಮಾವ, ಆಮೇಲೆ ನಾನು ಮೇಲೇಳ್ತೀನಿ."

"ಸೋಮಾರಿಗಳಿಗೆಲ್ಲ ಒಂದೊಂದು ಶಾಸ್ತ್ರ."

ಹೀಗೆಂದರೂ ಅವರು ಹತ್ತಿರ ಬಂದು ನೋಡುತ್ತಿದ್ದರು. ಒಮ್ಮೆ ಹಾರ್ಡ್ನರಿನ ಡಬ್ಬಿ ತೋರಿಸಿ ಇದೇನು ಎಂದು ಕೇಳಿದರು. ಅವಳು ಕೈ ಬಿಡುವಿಲ್ಲದೆ, "ಹೆಪ್ಪು ಮಾವ. ಹಾಲಿಗೆ ಹೆಪ್ಪು ಹಾಕಲ್ವಾ, ಹಾಗೆ" ಎಂದುಬಿಟ್ಟಳು. ಮಾವನಿಗೆ ಅದು ತಟ್ಟನೆ ತಲೆಗೆ ಹೋಯಿತು. ಅಂದಿನಿಂದ ಆ ಮನೆಯಲ್ಲಿ ಹಾರ್ಡ್ನರಿಗೆ ಹೆಪ್ಪು ಎಂಬುದೇ ಹೆಸರಾಯಿತು. ಅಂಗಡಿಯವನ ಮುಂದೆಯೂ ಬಡಗಿ ಒಮ್ಮೆ ಬಾಯಿತಪ್ಪಿ ಒಂದು ಡಬ್ಬಿ ಹೆಪ್ಪು ಕೇಳಿದ್ದನಂತೆ.

ಅಂಬಿಗನ ದೋಣಿಯ ಕೆಲಸ ಬಂದದ್ದು ಹೊಳೆ ತುಂಬಿದ್ದ ಕಾಲದಲ್ಲಿ. ನೀರು ಏರಿದಾಗ ಜನರನ್ನು ದಾಟಿಸುವುದು ನಿಲ್ಲುತ್ತದೆ. ಇಳಿದ ಮೇಲೆ ದಾಟು ಮತ್ತೆ ತೆರೆಯುತ್ತದೆ. ತೆರೆಯುವ ದಿನ ಅಧಿಕಾರಿ ದಂಡೆಗೆ ಬಂದು ದೋಣಿಯನ್ನು ಪರೀಕ್ಷಿಸುತ್ತಾನೆ. ಆ ದಿನ ಗಟ್ಟಿಯಾದ ದೋಣಿ ನೀರಿನಲ್ಲಿ ಇದ್ದವನಿಗೆ ವರ್ಷವಿಡೀ ಆ ದಾಟು; ಮೊದಲ ಹಕ್ಕು ಹಿಂದಿನಿಂದ ನಡೆಸಿಕೊಂಡು ಬಂದವನದು. ಅಂಬಿಗನ ಹಳೆಯ ದೋಣಿಯ ತಳ ಕೊಳೆತುಹೋಗಿತ್ತು. ಆಚೆ ದಡದಲ್ಲಿ ಒಬ್ಬ ಯಂತ್ರದ ದೋಣಿ ಇಟ್ಟುಕೊಂಡು ಕಾದಿದ್ದ. ಹೊಸ ದೋಣಿ ಆ ದಿನಕ್ಕೆ ಸಿದ್ಧವಾಗದಿದ್ದರೆ ಅಂಬಿಗ ಇನ್ನೊಬ್ಬನ ದೋಣಿಯಲ್ಲಿ ಹಗ್ಗ ಎಳೆಯುವ ಆಳಾಗಬೇಕಿತ್ತು. ಅವನ ಅಪ್ಪ, ಅಜ್ಜ ನಿಂತ ಕಟ್ಟೆಯ ಮೇಲೆ ಬೇರೊಬ್ಬ ನಿಂತು ಜನರನ್ನು ಕೂಗುವುದನ್ನು ನೋಡಬೇಕಿತ್ತು. ಅವನು ಇದನ್ನು ಮುಚ್ಚಿಡಲಿಲ್ಲ. ದಿನಾ ಬಂದು ಹೇಳುತ್ತಿದ್ದ.

ಕೆಲಸ ಚೆನ್ನಾಗಿಯೇ ಸಾಗಿತ್ತು. ಬಡಗಿ ಹಲಗೆಗಳನ್ನು ಬಾಗಿಸಿ ಕೂರಿಸಿದ್ದ, ಅಂಟಕ್ಕ ಪ್ರತಿಯೊಂದು ಜೋಡಣೆಯನ್ನೂ ತನ್ನ ಹೊತ್ತು ನೋಡಿಕೊಂಡು ಅಂಟಿಸಿದ್ದಳು. ದೋಣಿ ಬೋರಲಾಗಿ ಮಲಗಿತ್ತು. ತಳಕ್ಕೆ ಅಂಟು ಕುಡಿಸಿ, ಗಾಜಿನ ಬಟ್ಟೆ ಹೊದಿಸಿ, ಮತ್ತೆ ಅಂಟು ಹಚ್ಚುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಅವಳ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಅವಳು ಆಸ್ಪತ್ರೆಗೆ ಹೋಗಿ ಮರುದಿನ ಬರುತ್ತೇನೆಂದಳು. ಬಡಗಿ ಹುಟ್ಟಿಗೆ ಮರ ಆರಿಸಲು ಸಾಮಿಲ್ಲಿಗೆ ಹೋಗಿ ರಾತ್ರಿ ಅಲ್ಲೇ ಉಳಿದ.

ಮರುದಿನ ನಸುಕಿನಲ್ಲಿ ಅಂಬಿಗ ಬಂದ. ಚಳಿ ಬಿದ್ದಿತ್ತು, ನದಿಯ ಮೇಲೆ ಮಂಜು. ಶೆಡ್ಡಿನಲ್ಲಿ ಮಾವ ಒಬ್ಬರೇ ಇದ್ದರು. ಮುಂದಿನದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಒಂದೇ ರೀತಿ ಹೇಳುವುದರಿಂದ ನಂಬಬಹುದು.

"ದೊಡ್ಡಪ್ಪ, ನೀರು ನಿನ್ನೆಗಿಂತ ಇಳಿದಿದೆ. ಅಕ್ಕ ಸಂಜೆಗೆ ಬಂದು ಯಾವಾಗ ಹಚ್ಚೋದು?"

"ಹಚ್ಚೋದರಲ್ಲಿ ಏನಿದೆ? ಸುಣ್ಣ ಬಳಿಯೋಕೆ ಬರುತ್ತಾ ನಿನಗೆ?"

"ಬರುತ್ತೆ."

"ಹಾಗಾದ್ರೆ ಇದೂ ಬರುತ್ತೆ. ತಗೋ ಬ್ರಷ್ಷು. ಬೆಳಗ್ಗೆ ಎದ್ದು ಕೈ ಹಾಕಿದ ಕೆಲಸ ಕೆಟ್ಟಿದ್ದು ನಾನು ಕಂಡಿಲ್ಲ."

ಮಾವ ಬಕೆಟ್ಟಿನಲ್ಲಿ ಕಲಸಿದರು. ಅಳತೆ ಅವರಿಗೆ ಗೊತ್ತಿತ್ತು. ಸೊಸೆ ಮಾಡುವುದನ್ನು ನೋಡಿದ್ದರು. ಆದರೆ ಚಳಿಯಿತ್ತಲ್ಲ. ಚಳಿಯಲ್ಲಿ ಹಾಲು ಹೆಪ್ಪಾಗುವುದು ತಡ, ಅದಕ್ಕೆ ಹೆಪ್ಪು ಸ್ವಲ್ಪ ಹೆಚ್ಚಾಗಿಯೇ ಹಾಕಬೇಕು. ಅಡುಗೆಮನೆ ಹೊಕ್ಕವರಿಗೆಲ್ಲ ತಿಳಿದ ವಿಷಯ. ಅವರು ಧಾರಾಳವಾಗಿ ಹಾಕಿದರು. ಅಂಬಿಗ ತಳದ ಉದ್ದಗಲಕ್ಕೆ ಬಳಿದ. ಅಷ್ಟರಲ್ಲಿ ನದಿಯ ಆಚೆಯಿಂದ ಸೂರ್ಯ ಎದ್ದ, ಬಾಗಿಲಿಲ್ಲದ ಶೆಡ್ಡಿನೊಳಗೆ ಬಿಸಿಲು ನೇರವಾಗಿ ಬಂದು ದೋಣಿಯ ಮೇಲೆ ಬಿತ್ತು. ಬಕೆಟ್ಟಿನಲ್ಲಿ ಉಳಿದ ಅಂಟು ಹೊಗೆಯಾಡತೊಡಗಿತು. ಮಾವ ಅದನ್ನು ಕಂಡು ಸಂತೋಷಪಟ್ಟರು. "ನೋಡು, ಹೆಪ್ಪು ಹಿಡೀತು!" ಎಂದರು. ಬಕೆಟ್ಟಿನ ಪ್ಲಾಸ್ಟಿಕ್ ಸೊಟ್ಟಗಾದಾಗ ಇಬ್ಬರೂ ಹೆದರಿ ಅದನ್ನು ಅಂಗಳದ ಮರಳಿಗೆ ಎಸೆದರು. ಹಿಂತಿರುಗಿ ನೋಡಿದರೆ ದೋಣಿಯ ತಳದ ತುಂಬ ಉಕ್ಕಲಿರುವ ಹಾಲಿನ ಅಂಚಿನಂತೆ ಗುಳ್ಳೆಗಳು.

ಅಂಟಕ್ಕ ಮಧ್ಯಾಹ್ನದ ಬಸ್ಸಿಗೆ ಬಂದಳು. ಚೀಲ ಕೆಳಗಿಡದೆಯೇ ಕೈಗವಸು ಹಾಕಿ ಹೆಬ್ಬೆರಳು ಒತ್ತಿದಳು. ರಬ್ಬರಿನಂತೆ ತಗ್ಗಿ, ಜಿಗುಟಾಗಿ ಹಿಡಿದುಕೊಂಡಿತು.

"ಎಷ್ಟು ಹಾಕಿದ್ರಿ ಮಾವ?"

"ಚಳಿ ಇತ್ತಲ್ಲಮ್ಮ. ನಿಮ್ಮತ್ತೆ ಹಾಕ್ತಿದ್ದ ಹಾಗೆ, ಸ್ವಲ್ಪ ಹೆಚ್ಚಾಗಿ."

ಅವಳು ಬಯ್ಯಲು ಬಾಯಿ ತೆರೆದು ಮುಚ್ಚಿಕೊಂಡಳು. ಹೆಪ್ಪು ಎಂದು ಹೇಳಿಕೊಟ್ಟವಳು ಅವಳೇ. ಹೆಪ್ಪು ಹಾಲಿನಲ್ಲಿ ತಾನೇ ಬೆಳೆಯುವ ವಸ್ತು; ಒಂದು ಚಮಚ ಹಾಕಿದರೂ ಸರಿ, ಎರಡು ಹಾಕಿದರೂ ಸರಿ. ಇದು ಹಾಗಲ್ಲ. ರೆಸಿನ್ನಿನ ಇಷ್ಟು ಪಾಲಿಗೆ ಹಾರ್ಡ್ನರಿನ ಇಷ್ಟೇ ಪಾಲು ಜೊತೆಯಾಗುತ್ತದೆ. ಹೆಚ್ಚಾದದ್ದು ಜೊತೆ ಸಿಗದೆ ಹಸಿಯಾಗಿಯೇ ಉಳಿದು, ಉಳಿದದ್ದನ್ನೂ ಮೆತ್ತಗೆ ಮಾಡುತ್ತದೆ. ವರ್ಷ ಕಾದರೂ ಅದು ಗಟ್ಟಿಯಾಗುವುದಿಲ್ಲ.

"ಇದರ ಮೇಲೆ ಸರಿಯಾಗಿ ಕಲಸಿ ಇನ್ನೊಂದು ಸಲ ಬಳಿದರೆ?" ಎಂದ ಅಂಬಿಗ.

"ಕೆಸರಿನ ಮೇಲೆ ಹಾಸುಗಲ್ಲು ಹಾಕ್ತೀಯಾ? ಎಲ್ಲ ಕೆರೆದು ತೆಗೀಬೇಕು."

"ಕೆರೆಯೋದಾ! ಅಕ್ಕಾ, ದಾಟು ತೆರೆಯೋ ದಿನ ನನ್ನ ದೋಣಿ ನೀರಲ್ಲಿ ಇರಬೇಕು."

"ನೀರಿನ ಮೇಲಿರಬೇಕಾ, ನೀರಿನ ಅಡಿಯಲ್ಲಾ? ಅದನ್ನ ಮೊದಲು ಹೇಳು."

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಮಾವ ಎದ್ದು ಹೋದರು. ಬೇಸರಿಸಿಕೊಂಡು ಹೋದರೆಂದು ಎಲ್ಲರೂ ಅಂದುಕೊಂಡರು. ಅವರು ತಮ್ಮ ಹಳೆಯ ಪೆಟ್ಟಿಗೆಯಿಂದ ಕೆರೆಯುವ ಬ್ಲೇಡುಗಳನ್ನು ತಂದು, ಸಾಣೆಕಲ್ಲಿನ ಮುಂದೆ ಕೂತು ಒಂದೊಂದಕ್ಕೂ ಹೊಸ ಬಾಯಿ ಕೊಡತೊಡಗಿದರು.

ಕೆರೆಯುವುದು ಕೊಳಕು ಕೆಲಸ. ಅಂಟು ಬ್ಲೇಡಿಗೆ ಎಳೆಯೆಳೆಯಾಗಿ ಸುತ್ತಿಕೊಳ್ಳುತ್ತದೆ. ತೆಗೆದು ಕಾಗದಕ್ಕೆ ಒರೆಸಬೇಕು, ಮತ್ತೆ ಕೆರೆಯಬೇಕು, ಉಳಿದ ಪಸೆಯನ್ನು ಥಿನ್ನರಿನ ಬಟ್ಟೆಯಿಂದ ಎತ್ತಬೇಕು. ಮೂವರೂ ಕೈಗವಸು, ಮಾಸ್ಕು ಹಾಕಿಕೊಂಡು ದೋಣಿಯ ಸುತ್ತ ಕೂತರು. ಹತ್ತಿರ ಬರಲಾಗದ ಬಡಗಿ ಅಡುಗೆ ಮಾಡಿ, ಊಟದ ಪಾತ್ರೆಯನ್ನು ಶೆಡ್ಡಿನ ಆಚೆ ಇಟ್ಟು ಕೂಗುತ್ತಿದ್ದ. ಅವನ ಅಡುಗೆ ತಿಂದು ಅಂಬಿಗ, "ಅಣ್ಣಾ, ಇದನ್ನ ತಳಕ್ಕೆ ಹಚ್ಚಿದರೆ ಹಿಡಿಯುತ್ತೇನೋ" ಎಂದ. ಆ ದಿನಗಳಲ್ಲಿ ಅವನು ಆಡಿದ ತಮಾಷೆ ಅದೊಂದೇ. ಚೆನ್ನಾಗಿ ಕೆರೆದವರು ಮಾವ. ಬ್ಲೇಡನ್ನು ಎಷ್ಟು ವಾಲಿಸಬೇಕು, ಎಲ್ಲಿ ಅಂಟು ಮುಗಿದು ಮರ ಶುರುವಾಗುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಅವರು ಮುಗಿಸಿದ ಜಾಗದಲ್ಲಿ ಮರ ಹೊಸದಾಗಿ ಕತ್ತರಿಸಿದಂತೆ ಕಾಣುತ್ತಿತ್ತು.

ಕೆರೆದು ಮುಗಿಯಿತು. ಅಷ್ಟರಲ್ಲಿ ಮೋಡ ಕವಿಯಿತು.

ಮಳೆಯೇನೂ ದೊಡ್ಡದಲ್ಲ, ಜಿನುಗು. ಆದರೆ ಸೂರ್ಯನ ಸುಳಿವಿಲ್ಲ, ಗಾಳಿಯಲ್ಲಿ ತೇವ, ಒಣಹಾಕಿದ ಬಟ್ಟೆ ಒಣಗುವುದಿಲ್ಲ. ಅಂಟಕ್ಕ ಮಣಿಕಟ್ಟಿನ ಒಳಭಾಗವನ್ನು ಮರಕ್ಕೆ ಒತ್ತಿ ನೋಡುತ್ತಿದ್ದಳು. ಬೆಳಗ್ಗೆ ತಣ್ಣಗೆ, ಮಧ್ಯಾಹ್ನ ತಣ್ಣಗೆ, ಸಂಜೆಗೂ ಅಷ್ಟೇ ತಣ್ಣಗೆ. ಕಾಯದ ಮರ ಆರುವುದೆಲ್ಲಿಂದ ಬಂತು? ಇಂಥ ಹವೆಯಲ್ಲಿ ಹಚ್ಚಿದರೆ ಅಂಟು ಒಳಗಿಳಿಯುವುದಿಲ್ಲ, ಬೇಗ ಬಿಗಿಯುವುದಿಲ್ಲ, ಮೇಲೆ ಜಿಡ್ಡು ಕೂರುವುದಂತೂ ಖಂಡಿತ. ಅಂಬಿಗ ದಿನಾ ಬಂದು ಆಕಾಶ ನೋಡಿ, ಅವಳ ಮುಖ ನೋಡಿ, ಹೋಗುತ್ತಿದ್ದ. ದಾಟು ತೆರೆಯುವ ದಿನ ಗೊತ್ತಾಗಿತ್ತು. ಆಚೆ ದಡದವನು ತನ್ನ ಯಂತ್ರದ ದೋಣಿಗೆ ಹೊಸ ಬಣ್ಣ ಬಳಿಸಿದ ಸುದ್ದಿಯೂ ಬಂತು.

ಒಂದು ಬೆಳಗ್ಗೆ ಅವಳು ಗಂಡನಿಗೆ, "ರೀ, ದೋಣಿಗೆ ಒಂದು ಗುಡಾರ ಕಟ್ಟಿ. ಸುತ್ತ ಟಾರ್ಪಾಲು, ಒಳಗೆ ಒಬ್ಬರು ಬಗ್ಗಿ ಓಡಾಡೋಷ್ಟು ಜಾಗ" ಎಂದು ಹೇಳಿ ಓಣಿಯ ಮೇಲಿನ ಕೋಳಿ ಫಾರಮ್ಮಿಗೆ ಹೋದಳು. ಮರಿಗಳನ್ನು ಬೆಚ್ಚಗಿಡಲು ಅಲ್ಲಿ ಕೆಂಪು ಬಲ್ಬುಗಳನ್ನು ತೂಗುಹಾಕುತ್ತಾರೆ.

ಫಾರಮ್ಮಿನ ಒಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ದೋಣಿ ಕಾವಿಗೆ ಕೂತಿದೆಯಾ?"

"ಕೂತಿದೆ. ಮರಿ ಆದರೆ ಒಂದು ನಿನಗೇ ಕೊಡ್ತೀನಿ."

"ಹೊಸ ಮರಿ ಬರೋದಕ್ಕೆ ಇನ್ನೂ ದಿನ ಇದೆ, ತಗೊಂಡು ಹೋಗು. ಒಂದು ಬಲ್ಬು ಒಡೆದರೂ ನಿನ್ನ ಮಾವನನ್ನ ಇಲ್ಲಿ ತಂದು ಕೂರಿಸ್ತೀನಿ, ಮರಿಗಳಿಗೆ ಬಿಸಿ ಕೊಡಲಿ."

ಬಡಗಿ ಬಿದಿರಿನ ಚೌಕಟ್ಟು ಕಟ್ಟಿ ಟಾರ್ಪಾಲು ಹೊದಿಸಿದ. ಬಲ್ಬುಗಳನ್ನು ಸಾಲಾಗಿ ತೂಗುಹಾಕಿದರು. ಮರುದಿನ ಬೆಳಗಿನಿಂದ ಅವು ಉರಿದವು. ಗುಡಾರದೊಳಗಿನ ತೇವ ಮೆಲ್ಲಗೆ ಹೋಯಿತು, ಮರ ಬಿಸಿಯಾಯಿತು. ಊಟ ಮುಗಿದ ಮೇಲೆ ಅವಳು ಒಳಗೆ ಹೋಗಿ ಮಣಿಕಟ್ಟು ಒತ್ತಿ ನೋಡಿ, ಅರ್ಧ ಬಲ್ಬುಗಳನ್ನು ಆರಿಸಿದಳು.

"ಆರಿಸಿದೆ ಯಾಕೆ?" ಎಂದು ಅಂಬಿಗ ಹೊರಗಿನಿಂದ ಕೂಗಿದ. "ಈಗ ತಾನೇ ಬಿಸಿಯಾಗಿತ್ತು!"

"ಅದಕ್ಕೇ ಆರಿಸಿದ್ದು. ಇಳಿಯೋ ಬಿಸಿ ಬೇಕು ನನಗೆ, ಏರೋದಲ್ಲ. ಬಾಯಿ ಮುಚ್ಚಿಕೊಂಡು ಆ ತಟ್ಟೆ ಒರೆಸು."

ಅನಂತರ ಅವಳು ಅಳತೆಯ ಲೋಟಗಳೆರಡನ್ನೂ ಮಾವನ ಮುಂದೆ ಇಟ್ಟಳು. "ಅಳತೆ ನೀವು ಮಾಡಿ ಮಾವ. ನನ್ನ ಕೈ ಖಾಲಿ ಇರಲ್ಲ."

ಮಾವ ಕನ್ನಡಕ ಒರೆಸಿಕೊಂಡು ಸುರಿಯಲು ಕೂತರು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು, ಗೆರೆ ದಾಟಿದ ಒಂದು ಹನಿಗೂ ತಕರಾರು ತೆಗೆದರು.

"ಹೆಚ್ಚಾಯ್ತು. ಚೆಲ್ಲಿಬಿಡು."

"ಒಂದು ಹನಿಗೆ ಏನೂ ಆಗಲ್ಲ, ಕೊಡಿ ಮಾವ."

"ಆಗಲ್ಲ ಅಂತ ಅವತ್ತು ನಾನೂ ಅಂದುಕೊಂಡಿದ್ದೆ" ಎಂದು ಅವರು ಹೊಸದಾಗಿ ಅಳೆದರು.

ಅವಳು ರೋಲರಿನಿಂದ ತೆಳ್ಳಗೆ ಹಚ್ಚುತ್ತ ಹೋದಳು. ಅಂಟು ಬಿದ್ದ ಕಡೆ ಮರ ಕಪ್ಪಾಗಿ ಎಳೆದುಕೊಂಡಿತು. ಗುಳ್ಳೆಯಿಲ್ಲ. ಆಮೇಲೆ ಗಾಜಿನ ಬಟ್ಟೆ ಹಾಸಿದರು. ಬಿಳಿ ಬಟ್ಟೆ ಅಂಟು ಕುಡಿಯುತ್ತ ಕಾಣದಂತಾಗಿ, ಕೆಳಗಿನ ಮರದ ಎಳೆಗಳು ಮತ್ತೆ ಮೇಲೆ ಬಂದವು. ಇನ್ನು ಕಾಯಬೇಕು. ಒಣಗುವ ಮುಂಚೆ ಮುಂದಿನ ಪದರ ಹಚ್ಚಿದರೆ ಎರಡೂ ಒಂದೇ ಆಗಿ ಬೆಸೆಯುತ್ತವೆ. ಬೇಗ ಹಚ್ಚಿದರೆ ಕೆಳಗಿನದು ಜಾರುತ್ತದೆ. ತಡವಾದರೆ ತೊಳೆದು, ಉಜ್ಜಿ, ಮೊದಲಿನಿಂದ. ಅಂಬಿಗ ಗುಡಾರದ ಸುತ್ತ ಸುತ್ತಿದ.

"ಒಂದು ಬೆರಳು ಮುಟ್ಟಿ ನೋಡಲಾ ಅಕ್ಕ?"

"ಮುಟ್ಟಿದರೆ ಆ ಬೆರಳು ಅಲ್ಲೇ ಇರುತ್ತೆ. ನಾನೇ ಕತ್ತರಿಸಿ ಇಡ್ತೀನಿ."

ಅವಳು ಅಂಚಿನಲ್ಲಿ ಕೈಗವಸಿನ ತುದಿಯಿಂದ ಉಗುರು ಒತ್ತಿ ನೋಡಿದಳು. ಗುರುತು ಬಿತ್ತು, ಆದರೆ ಅಂಟಲಿಲ್ಲ. "ಕಲಸಿ ಮಾವ" ಎಂದಳು. ಹೀಗೆ ಪದರದ ಮೇಲೆ ಪದರ. ಕೊನೆಯದು ಬಿಗಿದು, ಇನ್ನು ಗುಳ್ಳೆಯೇಳುವ ಭಯವಿಲ್ಲ ಎಂದ ಮೇಲಷ್ಟೇ ಎಲ್ಲ ಬಲ್ಬುಗಳನ್ನೂ ಹಚ್ಚಿ, ಗುಡಾರದ ಬಾಯಿ ಕಟ್ಟಿ, ಅವಳು ಮನೆಯೊಳಗೆ ಹೋಗಿ ಸ್ನಾನ ಮಾಡಿದಳು.

ದೋಣಿ ಗಟ್ಟಿಯಾಯಿತು. ಬಡಗಿ ಸುತ್ತಿಗೆಯ ಹಿಡಿಯಿಂದ ತಳವನ್ನು ತಟ್ಟುತ್ತ ತುದಿಯಿಂದ ತುದಿಗೆ ನಡೆದ. ಎಲ್ಲ ಕಡೆ ಒಂದೇ ದನಿ. ಆದರೆ ಬಣ್ಣಕ್ಕೆ ದಿನವಿರಲಿಲ್ಲ. ಬರಿಯ ಮರದ ಮೈ, ಮೇಲೆ ಗಾಜಿನ ಹೊಳಪು; ಹಾಗೆಯೇ ಅದನ್ನು ಉರುಳುಗಂಬಗಳ ಮೇಲೆ ತಳ್ಳಿ ನದಿಗೆ ಇಳಿಸಿದರು.

ದಾಟು ತೆರೆಯುವ ದಿನ ಮೋಡ ಚದುರಿತ್ತು. ಆಚೆ ದಡದವನ ಯಂತ್ರದ ದೋಣಿ ನೀಲಿ, ಬಿಳಿ ಬಳಿದುಕೊಂಡು ಪಕ್ಕದಲ್ಲಿ ನಿಂತಿತ್ತು. ಅಧಿಕಾರಿ ಅಂಬಿಗನ ದೋಣಿಯನ್ನು ಮೇಲಿಂದ ಕೆಳಗೆ ನೋಡಿದ.

"ಬಣ್ಣ ಎಲ್ಲಿ?"

"ಬಣ್ಣ ಬಿಸಿಲಿಗೆ ಬೇಕು, ನೀರಿಗಲ್ಲ" ಎಂದಳು ಅಂಟಕ್ಕ. "ಆಮೇಲೆ ಹಚ್ತೀವಿ. ನೀರು ಬರುತ್ತಾ ಅಂತ ನೋಡಿ."

"ಮೊಳೆ ಎಲ್ಲೂ ಕಾಣ್ತಿಲ್ಲವಲ್ಲ?"

"ಇಲ್ಲ."

"ಇಲ್ಲ ಅಂದರೆ? ಯಾವ ಧೈರ್ಯದ ಮೇಲೆ ಜನರನ್ನ ಕೂರಿಸಲಿ?"

ಉತ್ತರ ಕೊಟ್ಟವರು ಮಾವ. ಅವರು ಧೋತರ ಎತ್ತಿ ಕಟ್ಟಿ, ನೀರಿಗಿಳಿದು, ದೋಣಿ ಹತ್ತಿ ನಡುವಿನ ಹಲಗೆಯ ಮೇಲೆ ಕೂತರು. "ಆಯುಷ್ಯವಿಡೀ ಮೊಳೆ ಹೊಡೆದವನು ನಾನು. ಮೊದಲು ನನ್ನನ್ನ ಕೂರಿಸಿ" ಎಂದರು. ಅವರ ಹಿಂದೆ ದಂಡೆಯಲ್ಲಿ ಕಾಯುತ್ತಿದ್ದ ಜನ ಒಬ್ಬೊಬ್ಬರಾಗಿ ಹತ್ತಿದರು. ಬುಟ್ಟಿ, ಸೈಕಲ್ಲು, ಒಂದು ಹೊಲಿಗೆ ಯಂತ್ರ. ದೋಣಿ ತಗ್ಗಿ ಕೂತಿತು. ಅಧಿಕಾರಿ ಎಲ್ಲರನ್ನೂ ಹಾಗೆಯೇ ಕೂರಿಸಿ, ದಂಡೆಯ ಮೇಲೆ ಚಹಾ ಕುಡಿದು, ಆರಾಮವಾಗಿ ಬಂದು, ಕಾಲಡಿಯ ಹಲಗೆ ಎತ್ತಿಸಿ ತಳಕ್ಕೆ ಕೈ ಹಾಕಿ ಸವರಿದ. ಒಣಗಿತ್ತು. ಮತ್ತೊಂದು ಕಡೆ ಸವರಿದ. ಅಲ್ಲೂ ಅಷ್ಟೇ.

"ಸರಿ. ದಾಟು ನಿನ್ನದೇ, ನಡೆಸು" ಎಂದು ಅಂಬಿಗನಿಗೆ ಹೇಳಿ, ಕೈಯೊರೆಸಿಕೊಂಡು ಹೋದ. ಆಚೆ ದಡದವನು ಯಂತ್ರ ಶುರು ಮಾಡಿ, ಗದ್ದಲ ಮಾಡುತ್ತ ಹಿಂತಿರುಗಿದ.

ಅಂಬಿಗ ದೋಣಿಯ ಹಿಂಬದಿಗೆ ಹತ್ತಿ ಗಳ ಹಿಡಿದು ನಿಂತ. ನಿಂತವನು ಹಾಗೆಯೇ ನಿಂತ. ಜನ ಕಾಯುತ್ತಿದ್ದಾರೆ, ಅವನು ದಂಡೆಯ ಮೇಲಿದ್ದ ಅಂಟಕ್ಕನನ್ನು ನೋಡುತ್ತಿದ್ದಾನೆ.

"ನನ್ನ ಮುಖದಲ್ಲಿ ಏನಿದೆ?" ಎಂದಳು ಅವಳು. "ನದಿ ನೋಡಿಕೊಂಡು ನಡೆಸು."

ಅವನು ಗಳ ಊರಿ ನೂಕಿದ.